ಪ್ರಮೋದಾ ಆಡಿದ ಪೂರ್ತಿ ಮಾತು

ಆ ದಿನ ಬಸ್ ಕಂಡಕ್ಟರ್ ಕೆಲಸದ ಬೆಳಗಿನ ಪಾಳಿ ಮುಗಿಸಿಕೊಂಡು ಪ್ರಮೋದಾ ಮಧುರೆ ಹಳ್ಳಿಯ ಮನೆಗೆ ಬಂದಾಗ ಅಂಗಳದಲ್ಲಿ ಬೆಂಗಳೂರಿನ ಕಾರೊಂದು ನಿಂತಿತ್ತು. ಜಗಲಿಯ ಮೇಲೆ ಇಬ್ಬರು ಕೂತಿದ್ದರು. ಅತ್ತೆ ಆದಿಲಕ್ಷ್ಮಮ್ಮ ಅವರಿಗೆ ಕಾಫಿ ಕೊಟ್ಟು, ತೀರಿಹೋದ ಮಗನ ಫೋಟೋಗಳನ್ನು ಮಡಿಲಲ್ಲಿ ಹರಡಿಕೊಂಡು ಒಂದೊಂದನ್ನೇ ಎತ್ತಿ ತೋರಿಸುತ್ತಿದ್ದಳು. ಪಿಯುಸಿ ಓದುತ್ತಿದ್ದ ಮಗಳು ಅಕ್ಷತ ಅಪ್ಪನ ಗಿಟಾರನ್ನು ಗೋಡೆಯಿಂದ ಇಳಿಸಿ, ಧೂಳು ಒರೆಸಿ, ಬಂದವರ ಕೈಗೆ ಕೊಟ್ಟಿದ್ದಳು. ಪ್ರಮೋದಾಗೆ ಮೊದಲು ಕಂಡದ್ದೇ ಆ ಗಿಟಾರು. ಕಾಲಲ್ಲಿದ್ದ ಶೂ ಬಿಚ್ಚುವ ಮೊದಲೇ ಅವಳ ಮುಖ ಗಂಟಾಯಿತು.

ಬಂದವರಲ್ಲಿ ಗಂಡಸಿನ ಹೆಸರು ಹರಿಪ್ರಸಾದ್. ಪಿಯಾನೊ ನುಡಿಸುವವನು, ನಲವತ್ತರ ಆಸುಪಾಸು. ಹುಡುಗಿ ಯಶಸ್ವಿನಿ, ಹಾಡುವವಳು. ಬೆಂಗಳೂರಿನಲ್ಲಿ ಅವರದೊಂದು ಜಾಝ್ ತಂಡ. ಪ್ರಮೋದಾಳ ಗಂಡ ಭೀಮರಾಜನ ಹಾಡುಗಳನ್ನು ಆಯ್ದು, ಜಾಝ್ ಶೈಲಿಗೆ ಅಳವಡಿಸಿ, ಅವನ ನೆನಪಿಗೆ ಒಂದು ಗೌರವದ ಆಲ್ಬಮ್ ಮಾಡಬೇಕೆಂದು ಹೊರಟಿದ್ದರು. ಅರ್ಧ ರೆಕಾರ್ಡಿಂಗ್ ಆಗಲೇ ಮುಗಿದಿತ್ತಂತೆ. ಬಿಡುಗಡೆ ಬೆಂಗಳೂರಲ್ಲಿ ಬೇಡ, ಅವನ ತಾಲೂಕಲ್ಲೇ, ದೊಡ್ಡಬಳ್ಳಾಪುರದಲ್ಲೇ ಆಗಲಿ ಎಂದು ಇಟ್ಟುಕೊಂಡಿದ್ದರು. ಆಲ್ಬಮ್ಮಿಗೆ ಇಟ್ಟ ಹೆಸರು 'ಅಂಗೈಯಗಲ,' ಅವನ ಎಲ್ಲಕ್ಕಿಂತ ಹೆಸರಾದ ಹಾಡಿನದೇ.

ಆ ಹೆಸರು ಕಿವಿಗೆ ಬಿದ್ದದ್ದೇ ಪ್ರಮೋದಾ ಟಿಕೆಟ್ ಮಿಷನ್ನಿನ ಚೀಲವನ್ನು ಕಟ್ಟೆಯ ಮೇಲೆ ಧೊಪ್ಪನೆ ಹಾಕಿದಳು.

"ಮೇಡಂ, ಕವರ್‌ಗೆ ನಿಮ್ಮದೊಂದು ಫೋಟೋ ಬೇಕಿತ್ತು," ಎಂದ ಹರಿಪ್ರಸಾದ್. "ಯೂನಿಫಾರ್ಮ್ ಬೇಡ. ಒಂದು ಹತ್ತಿ ಸೀರೆ ಉಟ್ಕೊಂಡು, ಆ ಬಾಗಿಲಿಗೆ ಒರಗಿ, ಸ್ವಲ್ಪ ದೂರ ನೋಡ್ತಾ ಇರೋ ಹಾಗೆ."

"ಯಾಕೆ? ನಾನು ಯಾರನ್ನ ಕಾಯ್ತಿದ್ದೀನಿ?"

ಹರಿಪ್ರಸಾದ್ ತಬ್ಬಿಬ್ಬಾದ. ಯಶಸ್ವಿನಿ ನಡುವೆ ಬಂದು, "ಆ ಹಾಡಿನ ಭಾವಕ್ಕೆ ಹೊಂದುತ್ತೆ ಅಂತ, ಆಂಟಿ. ಮಗುನ ಕಳ್ಕೊಂಡ ಮನೆ ಅಲ್ವಾ. ನಾನು ಅದನ್ನ ಹಾಡೋವಾಗೆಲ್ಲ ಅಳು ಬರುತ್ತೆ," ಎಂದಳು.

"ನಿಂಗೆ ಅಳು ಬರುತ್ತೆ. ಸಂತೋಷ. ಫೋಟೋ ಇಲ್ಲ, ಏನಿಲ್ಲ. ಎದ್ದು ಹೊರಡಿ ಇಬ್ಬರೂ."

"ಲೇ ಪ್ರಮೋದಾ," ಎಂದು ಆದಿಲಕ್ಷ್ಮಮ್ಮ ಗದರಿದಳು. ಪ್ರಮೋದಾ ಅತ್ತೆಯ ಕಡೆ ತಿರುಗಿಯೂ ನೋಡಲಿಲ್ಲ. ಹರಿಪ್ರಸಾದನ ತೊಡೆಯ ಮೇಲಿದ್ದ ಗಿಟಾರನ್ನು ಕಿತ್ತುಕೊಂಡು ಒಳಗೆ ಹೋದಳು. ಕಾರು ಹೊರಟ ಸದ್ದು ಕೇಳಿದ ಮೇಲೆ ಅಕ್ಷತ ಒಳಗೆ ಬಂದು ಬಾಗಿಲಲ್ಲೇ ನಿಂತಳು.

"ನಿಂಗೆ ಅಪ್ಪನ ಮೇಲೆ ಹೊಟ್ಟೆಕಿಚ್ಚು ಕಣಮ್ಮ," ಎಂದಳು. "ಅಪ್ಪನ್ನ ಜನ ನೆನಪಿಟ್ಕೊಂಡವ್ರೆ. ನಿನ್ನನ್ನ ಯಾರು ಇಟ್ಕೊಳ್ತಾರೆ? ಚಿಲ್ಲರೆ ಕೊಡಿ, ಮುಂದಕ್ಕೆ ಹೋಗಿ, ಇಷ್ಟೇ ತಾನೆ ನಿಂದು?"

ಪ್ರಮೋದಾ ಗಿಟಾರನ್ನು ಮೊದಲಿನ ಮೊಳೆಗೇ ತೂಗುಹಾಕಿದಳು. ನಾಲಿಗೆಯ ತುದಿಗೆ ಬಂದಿದ್ದನ್ನು ಹಲ್ಲು ಕಚ್ಚಿ ಒಳಗೇ ತಳ್ಳಿದಳು. ಮಗಳಿಗೆ ಅಪ್ಪ ಎಂದರೆ ಏನು ಎನ್ನುವುದು ಅವಳಿಗೆ ಗೊತ್ತಿತ್ತು. ಅದನ್ನು ಕೆಡಿಸಬಾರದು ಎಂದೇ ಅವಳು ಇಷ್ಟು ವರ್ಷ ಬಾಯಿ ಕಟ್ಟಿಕೊಂಡು ಬದುಕಿದ್ದು.

ಪ್ರಮೋದಾಳಿಗೆ ಸಂಗೀತ ಅಂದರೆ ಆಗುವುದಿಲ್ಲ ಎಂದು ಊರಿನವರು ತಿಳಿದಿದ್ದರು. ಅದು ಸುಳ್ಳು. ಅವಳು ಭೀಮರಾಜನನ್ನು ಮೆಚ್ಚಿದ್ದೇ ಅವನ ಹಾಡಿಗೆ. ಆಗ ಅವಳು ಕೆಲಸಕ್ಕೆ ಸೇರಿದ ಹೊಸತು, ದಾಬಸ್‌ಪೇಟೆ ರೂಟಿನಲ್ಲಿದ್ದಳು. ಅವನು ಅಲ್ಲಿನ ಒಂದು ಗೋಡೌನಿನಲ್ಲಿ ಲೋಡಿಂಗ್ ಲೆಕ್ಕ ಬರೆಯುತ್ತಿದ್ದ. ಹೆಗಲಿಗೆ ಗಿಟಾರು ಸಿಕ್ಕಿಸಿಕೊಂಡು ದಿನಾ ಅದೇ ಬಸ್ಸು ಹತ್ತುವನು. ನೂಕುನುಗ್ಗಲಿನಲ್ಲಿ ಗಿಟಾರಿಗೂ ಅರ್ಧ ಟಿಕೆಟ್ ತಗೋ ಎಂದು ಒಂದು ದಿನ ಅವಳು ರೇಗಿದ್ದಕ್ಕೆ, ಅವನು ಹಿಂದಿನ ಸೀಟಿನಲ್ಲಿ ಕೂತು, ಅಲ್ಲೇ ಆ ಹೊತ್ತಿನಲ್ಲೇ, ಅರ್ಧ ಟಿಕೆಟ್ಟಿನ ಮೇಲೆ ಒಂದು ಹಾಡು ಕಟ್ಟಿ ಹಾಡಿದ. ಇಡೀ ಬಸ್ಸು ನಕ್ಕಿತು. ಅವಳೂ ನಕ್ಕಳು. ಹೆದ್ದಾರಿಯ ಲಾರಿಗಳ ಮೇಲೆ, ರೇಷ್ಮೆ ಗೂಡಿನ ಮಾರ್ಕೆಟ್ಟಿನ ಮೇಲೆ, ಫ್ಯಾಕ್ಟರಿ ಪಾಳಿ ಮುಗಿಸಿ ಬಸ್ಸಿನಲ್ಲಿ ನಿಂತುಕೊಂಡೇ ನಿದ್ದೆ ಹೋಗುವ ಹುಡುಗಿಯರ ಮೇಲೆ ಅವನು ಹಾಡು ಕಟ್ಟುತ್ತಿದ್ದ. ರಾಗವೂ ಅವನದೇ, ಮಾತೂ ಅವನದೇ. ಮನುಷ್ಯ ನಿಜಕ್ಕೂ ಒಳ್ಳೆಯ ಹಾಡುಗಾರ. ಅದನ್ನು ಪ್ರಮೋದಾ ಯಾವತ್ತೂ ಅಲ್ಲಗಳೆದವಳಲ್ಲ. ಅವಳ ಸಿಟ್ಟೆಲ್ಲ ಬೇರೆಯದು.

ಮದುವೆಯಾಗಿ ಅಕ್ಷತ ಹುಟ್ಟಿದ ಮೇಲೆ ಅವನು ಗೋಡೌನಿನ ಕೆಲಸ ಬಿಟ್ಟ. ಹಾಡಿಗೆ ಕರೆದಲ್ಲಿ ಹೋಗುತ್ತಿದ್ದ, ಕರೆಯದಿದ್ದರೂ ಹೋಗುತ್ತಿದ್ದ. ಮನೆ ಅವಳ ಸಂಬಳದಲ್ಲಿ ನಡೆಯಿತು. ಅದಕ್ಕೂ ಅವಳು ಗೊಣಗಿದವಳಲ್ಲ. ಎರಡನೆಯ ಬಸಿರಿನಲ್ಲಿ ಏಳನೇ ತಿಂಗಳು ನಡೆಯುತ್ತಿತ್ತು. ಡಿಪೋದಲ್ಲಿ ಕೂತು ಮಾಡುವ ಕೆಲಸ ಕೊಟ್ಟಿದ್ದರು. ಒಂದು ಮಧ್ಯಾಹ್ನ ಕುರ್ಚಿಯಿಂದ ಎದ್ದವಳಿಗೆ ಸೀರೆ ಒದ್ದೆಯಾಗಿರುವುದು ಗೊತ್ತಾಯಿತು. ನೋಡಿದರೆ ರಕ್ತ. ಜೊತೆಯವರು ಆಸ್ಪತ್ರೆಗೆ ಸೇರಿಸಿದರು. ಮಾವ ಚಿಕ್ಕಬೀರಪ್ಪ ಹೊಲದಿಂದ ಹಾಗೇ ಓಡಿಬಂದ. ಆದಿಲಕ್ಷ್ಮಮ್ಮ ಪುಟ್ಟ ಅಕ್ಷತಳನ್ನು ಹಿಡಿದುಕೊಂಡು ಮನೆಯಲ್ಲೇ ಉಳಿದಳು. ಹುಟ್ಟಿದ್ದು ಗಂಡುಮಗು. ಉಸಿರಿರಲಿಲ್ಲ.

ಭೀಮರಾಜ ಆಗ ಮೈಸೂರಿನಲ್ಲಿದ್ದ. ಅವಳೇ ಹಾಸಿಗೆಯ ಮೇಲಿಂದ ಫೋನ್ ಮಾಡಿದಳು. ಮಗು ಹೋಯಿತು, ಬಾ ಎಂದಳು. ಅವನು ಹೇಳಿದ: "ನಾಳೆ ಒಂದು ಕಾರ್ಯಕ್ರಮ ಒಪ್ಕೊಂಡ್ಬಿಟ್ಟಿದ್ದೀನಿ ಪ್ರಮೋದಾ. ಮುಗಿಸ್ಕೊಂಡು ಬಂದ್ಬಿಡ್ತೀನಿ."

ಮಾರನೆಯ ದಿನ ಮಗುವನ್ನು ಬಿಳಿ ಬಟ್ಟೆಯಲ್ಲಿ ಸುತ್ತಿ ಒಯ್ದವನು ಚಿಕ್ಕಬೀರಪ್ಪ. ಹೊಲದ ಮೂಡಣ ಬದುವಿನಲ್ಲಿ, ಹೊಂಗೆಮರದ ಬುಡದಲ್ಲಿ ಮಣ್ಣು ಮಾಡಿದವನೂ ಅವನೇ. ಭೀಮರಾಜ ಬಂದದ್ದು ಅದಾದ ಮೇಲೆ. ಅಷ್ಟರಲ್ಲಿ ಪ್ರಮೋದಾ ಮನೆಗೆ ಬಂದಿದ್ದಳು. ನಿಲ್ಲಲೂ ತ್ರಾಣವಿರಲಿಲ್ಲ. ಅತ್ತೆ ಅಕ್ಷತಳನ್ನು ಕರೆದುಕೊಂಡು ಹೊರಗೆ ಹೋಗಿದ್ದಳು. ಅವನು ಒಳಗೆ ಬಂದು, ಗಿಟಾರನ್ನು ಜೋಪಾನವಾಗಿ ಗೋಡೆಗೆ ಆನಿಸಿ, ಹತ್ತಿರ ಕೂತ. ಆ ಜೋಪಾನವನ್ನು ನೋಡಿದ್ದೇ ಅವಳಿಗೆ ಎಲ್ಲಿತ್ತೋ ಶಕ್ತಿ, ಎದ್ದು ಅವನ ಅಂಗಿ ಹಿಡಿದಳು.

"ಅಂಗೈ ಅಗಲ ಮುಖ ಇತ್ತು ಕಣೋ. ನೀನು ನೋಡ್ಲಿಲ್ಲ. ಬಾ ಅಂದ್ರೂ ಬರ್ಲಿಲ್ಲ. ನಿನ್ನ ಮಗನ್ನ ನೀನು ನೋಡ್ಲೇ ಇಲ್ಲ."

ಅವನು ತಲೆ ತಗ್ಗಿಸಿ ಕೂತಿದ್ದ. ಅಳುತ್ತಿದ್ದಾನೆ ಎಂದುಕೊಂಡಳು. ಅಳುತ್ತಿದ್ದನೇನೋ.

ಒಂದೆರಡು ತಿಂಗಳ ನಂತರ ದೊಡ್ಡಬಳ್ಳಾಪುರದ ಒಂದು ಕಾಲೇಜಿನಲ್ಲಿ ಅವನ ಕಾರ್ಯಕ್ರಮವಿತ್ತು. ಮನಸ್ಸು ಹಗುರವಾಗಲಿ ಎಂದು ಜೊತೆಯ ಕಂಡಕ್ಟರ್ ಪವಿತ್ರ ಅವಳನ್ನು ಎಳೆದುಕೊಂಡು ಹೋಗಿದ್ದಳು. ಭೀಮರಾಜ ಒಂದು ಹೊಸ ಹಾಡಿದೆ ಎಂದ. ತಂತಿ ಮೀಟಿದ.

ಅಂಗೈಯಗಲ ಮುಖ ನಿಂದು,
ನನ್ನೆದೆಯಗಲ ತೊಟ್ಟಿಲು,
ನೋಡುತ್ತ ಕೂತೆ ಮಗನೇ,
ನೀ ಕಣ್ಣು ಬಿಡಲೇ ಇಲ್ಲ.

ಹುಡುಗರು ಹುಡುಗಿಯರು ಅಳುತ್ತಿದ್ದರು. ಪಕ್ಕದಲ್ಲಿ ಪವಿತ್ರಳೂ ಕಣ್ಣೊರೆಸಿಕೊಂಡು ಪ್ರಮೋದಾಳ ಕೈ ಹಿಡಿದಳು. ಪ್ರಮೋದಾ ಕೈ ಬಿಡಿಸಿಕೊಂಡಳು. ನೋಡುತ್ತ ಕೂತನಂತೆ. ಯಾರು? ಎಲ್ಲಿ? ಅವಳು ಅವನ ಮುಖಕ್ಕೆ ಬೀಸಿದ ಮಾತಿನಲ್ಲಿ ಅರ್ಧ ಮುರಿದುಕೊಂಡು, ತನಗೆ ಬೇಡವಾದ ಅರ್ಧವನ್ನು ಎಸೆದು, ಅದರ ಜಾಗದಲ್ಲಿ ತನ್ನನ್ನೇ ತಂದು ಕೂರಿಸಿಕೊಂಡಿದ್ದ.

ಮನೆಗೆ ಬಂದ ಮೇಲೆ ಕೇಳಿದಳು. ಅವನು ತಪ್ಪಿಸಿಕೊಳ್ಳಲಿಲ್ಲ, ಸುಳ್ಳೂ ಹೇಳಲಿಲ್ಲ. ಅದೇ ಅವಳಿಗೆ ಇವತ್ತಿಗೂ ಉರಿಯುವುದು. "ನೀನು ಹೇಳಿದ್ದೇ ಅಲ್ವಾ," ಎಂದ, ಮೆಲ್ಲಗೆ, ಪ್ರೀತಿಯಿಂದಲೇ. "ಎಂಥಾ ಮಾತು ಗೊತ್ತಾ ಅದು? ನಂಗೆ ಜನ್ಮದಲ್ಲಿ ಹೊಳೀತಿರ್ಲಿಲ್ಲ."

ಆ ಹಾಡೇ ಅವನಿಗೆ ಹೆಸರು ತಂದದ್ದು. ಎಲ್ಲಿ ಹೋದರೂ ಅದನ್ನೇ ಕೇಳುತ್ತಿದ್ದರು. ಹತ್ತು ವರ್ಷ ಅವನು ಅದನ್ನು ಹಾಡಿದ. ಹತ್ತು ವರ್ಷ ಅವಳು ಒಂದು ಬಾರಿಯೂ ಅವನ ಕಾರ್ಯಕ್ರಮಕ್ಕೆ ಹೋಗಲಿಲ್ಲ. ಒಂದೇ ಸೂರಿನಡಿ ಅಡುಗೆ ಮಾಡಿ ಹಾಕಿದಳು, ಮಗಳನ್ನು ಬೆಳೆಸಿದಳು, ಜ್ವರ ಬಂದರೆ ಕಷಾಯ ಕೊಟ್ಟಳು. ಕೊರೊನಾದ ಎರಡನೇ ಅಲೆಯಲ್ಲಿ ಅವನು ಹಾಸಿಗೆ ಹಿಡಿದಾಗ ಆಕ್ಸಿಜನ್ನಿಗಾಗಿ ಬೀದಿ ಬೀದಿ ಅಲೆದವಳೂ ಅವಳೇ. ಅವನು ಹೋದ. ಅವಳು ಅತ್ತಳು. ಆದರೆ ಆ ಒಂದು ಹಾಡಿನ ಸಿಟ್ಟು ಅವನ ಜೊತೆ ಹೋಗಲಿಲ್ಲ.

ಕಾರು ಬಂದು ಹೋದ ಮೇಲೆ ಒಂದು ವಾರವೂ ಕಳೆದಿರಲಿಲ್ಲ. ಪ್ರಮೋದಾ ಈಗ ದೊಡ್ಡಬಳ್ಳಾಪುರದಿಂದ ದೇವನಹಳ್ಳಿ ಕಡೆಯ ವಿಜಯಪುರಕ್ಕೆ ಹೋಗುವ ಬಸ್ಸಿನಲ್ಲಿ ಡ್ಯೂಟಿಯಲ್ಲಿದ್ದಳು. ಬಸ್ಸು ಸ್ಟ್ಯಾಂಡು ಬಿಟ್ಟ ಮೇಲೆ ಟಿಕೆಟ್ ಕೊಡುತ್ತ ಬಂದರೆ ಹಿಂದಿನಿಂದ ಮೂರನೆಯ ಸೀಟಿನಲ್ಲಿ ಯಶಸ್ವಿನಿ ಕೂತಿದ್ದಳು.

"ಎಲ್ಲಿಗೆ?"

"ವಿಜಯಪುರಕ್ಕೆ. ನಿಮ್ಮ ಹತ್ರ ಮಾತಾಡೋಕೆ ಬಂದೆ ಆಂಟಿ."

"ಆಧಾರ್ ಕಾರ್ಡ್ ತೋರ್ಸು," ಎಂದಳು ಪ್ರಮೋದಾ. ಹೆಂಗಸರಿಗೆ ಕೊಡುವ ಉಚಿತ ಟಿಕೆಟ್ಟನ್ನು ಹರಿದು ಕೈಗಿಟ್ಟು ಮುಂದಕ್ಕೆ ಹೋದಳು. ವಾಪಸ್ಸು ಬರುವಾಗ ಹುಡುಗಿ ಹೇಳಿದಳು: "ನಾನು ಏನೋ ತಪ್ಪು ಮಾತಾಡಿದೆ ಅವತ್ತು. ಏನು ಅಂತ ಗೊತ್ತಾಗ್ಲಿಲ್ಲ. ಗೊತ್ತಾಗ್ದೆ ಹಾಡೋಕೆ ಆಗ್ತಿಲ್ಲ."

ಈ ಮಾತಿಗೆ ಪ್ರಮೋದಾ ನಿಂತಳು. ಇಷ್ಟು ವರ್ಷದಲ್ಲಿ ಆ ಹಾಡಿನ ಬಗ್ಗೆ ಅವಳನ್ನು ಯಾರೂ ಏನೂ ಕೇಳಿರಲಿಲ್ಲ. ಎಲ್ಲರೂ ಅವಳಿಗೆ ಸಮಾಧಾನ ಹೇಳಿದವರೇ.

ಅವಳು ಹೇಳಿದಳು. ಒಂದೇ ಸಲಕ್ಕಲ್ಲ. ಸ್ಟಾಪು ಬಂದಾಗ ಸೀಟಿ ಊದಿ, ಹತ್ತಿದವರಿಗೆ ಟಿಕೆಟ್ ಕೊಟ್ಟು, ಮತ್ತೆ ಬಂದು ಸೀಟಿನ ಕಂಬಿ ಹಿಡಿದು ನಿಂತು, ಬಿಟ್ಟಲ್ಲಿಂದ ಶುರುಮಾಡಿದಳು. ಡಿಪೋದ ಕುರ್ಚಿ ಹೇಳಿದಳು. ಫೋನಿನಲ್ಲಿ ಅವನು ಆಡಿದ್ದನ್ನು ಅಕ್ಷರ ಬಿಡದೆ ಹೇಳಿದಳು. ಚಪ್ಪರಕಲ್ಲು ದಾಟುವಾಗ ಮುಂದಿನ ಸೀಟಿನ ಮುದುಕಿ ತಿರುಗಿ ನೋಡಿದಳು. ಪ್ರಮೋದಾ ಧ್ವನಿ ತಗ್ಗಿಸಲಿಲ್ಲ. ದೇವನಹಳ್ಳಿ ಸ್ಟ್ಯಾಂಡಿನಲ್ಲಿ ಜನ ಇಳಿದು ಜನ ಹತ್ತಿ, ಬಸ್ಸು ಮತ್ತೆ ಹೊರಟ ಮೇಲೆ ಆ ಅರ್ಧ ಮಾತಿನ ವಿಷಯಕ್ಕೆ ಬಂದಳು.

"ನನ್ನ ಬೈಗುಳ ಅದು. ಲಾಲಿ ಅಲ್ಲ. ಅವನು ನೋಡ್ಲಿಲ್ಲ ಅಂತ ಬೈದ ಬೈಗುಳನ ಅವನು ನೋಡ್ತಾ ಕೂತೆ ಅಂತ ಹಾಡ್ಬಿಟ್ಟ. ನೀವು ಈಗ ಅದನ್ನ ಇನ್ನೊಂದು ಸಲ ಹಾಡ್ತೀರ, ಪಿಯಾನೊ ಇಟ್ಕೊಂಡು. ಹಾಡಿ. ಆದ್ರೆ ನನ್ನ ಬಾಗಿಲಿಗೆ ಬಂದು, ಒರಗಿ ನಿಂತ್ಕೋ ಅನ್ಬೇಡಿ."

ಯಶಸ್ವಿನಿಯ ಮುಖ ಬಿಳಿಚಿಕೊಂಡಿತ್ತು. "ನಾನು ಏನು ಮಾಡ್ಲಿ?" ಎಂದಳು.

"ಹಾಡೋದಾದ್ರೆ ಪೂರ್ತಿ ಹಾಡು. ನೀನು ನೋಡ್ಲಿಲ್ಲ ಅಂತನೂ ಹಾಡು. ಆಗಲ್ಲ ಅಂದ್ರೆ ಬಿಟ್ಬಿಡು."

ವಿಜಯಪುರದಲ್ಲಿ ಇಳಿದ ಹುಡುಗಿ ಅಲ್ಲಿಂದಲೇ ಹರಿಪ್ರಸಾದನಿಗೆ ಫೋನು ಮಾಡಿ, ನಡೆದದ್ದನ್ನೆಲ್ಲ ಹೇಳಿ, ತಿದ್ದದೆ ನಾನು ಆ ಸಾಲು ಹಾಡುವುದಿಲ್ಲ ಎಂದಳಂತೆ. ಹರಿಪ್ರಸಾದ್ ಮುಂದಿನ ಭಾನುವಾರ ಮಧುರೆಗೆ ಒಬ್ಬನೇ ಬಂದ. ಅವನಿಗೂ ಸಿಟ್ಟು ಬಂದಿತ್ತು. ಆದರೆ ಅವನದು ಓದಿಕೊಂಡವರ ಸಿಟ್ಟು, ಮಾತು ಮೆತ್ತಗಿತ್ತು.

"ಮೇಡಂ, ನಿಮ್ಮ ನೋವು ನಂಗೆ ಅರ್ಥ ಆಗುತ್ತೆ. ಆದ್ರೆ ಕವಿ ಬರೆದ ಸಾಲನ್ನ ನಾವು ತಿದ್ದೋಕಾಗಲ್ಲ. ಇದು ಅವರಿಗೆ ಗೌರವ ಸಲ್ಲಿಸೋ ಆಲ್ಬಮ್. ಅವರೇ ಇಲ್ಲದಾಗ ಅವರ ಹಾಡಿನಲ್ಲೇ ಅವರ ಮೇಲೆ ದೂರು ಹಾಕೋದು ಎಷ್ಟು ಸರಿ? ಕಲೆ ಅಂದ್ರೆ ಜೀವನದಿಂದ ತಗೊಂಡು..."

"ಯಾರ ಜೀವನದಿಂದ?"

ಒಳಗಿಂದ ಆದಿಲಕ್ಷ್ಮಮ್ಮ ಬಂದಳು. ಅವಳಿಗೆ ವಿಷಯ ಪೂರ್ತಿ ತಿಳಿದಿರಲಿಲ್ಲ, ಮಗ ಆಸ್ಪತ್ರೆಗೆ ಹೋಗಿ ಮಗುವನ್ನು ನೋಡಿಯೇ ಮನೆಗೆ ಬಂದ ಎಂದು ನಂಬಿದ್ದಳು. ಸೊಸೆ ಮಗನ ಹಾಡಿಗೆ ಅಡ್ಡಗಾಲು ಹಾಕುತ್ತಿದ್ದಾಳೆ ಎಂಬುದಷ್ಟೇ ಗೊತ್ತು. "ಸತ್ತೋನ ಮೇಲೆ ಇನ್ನೂ ಏನೇ ನಿಂದು ಕ್ವಾಪ?" ಎಂದು ಅಳುತ್ತ ಕೇಳಿದಳು. "ನನ್ನ ಮಗ ಆ ಮಗಾನ ನೆನಸ್ಕೊಂಡು ಕರುಳು ಕಿತ್ಕೊಂಡು ಹಾಡ್ದ. ನೀನು ಒಂದಿನನಾದ್ರೂ ಆ ಮಗಿನ ಹೆಸರೆತ್ತಿದ್ದೀಯಾ? ಕಲ್ಲು ಕಣೇ ನೀನು."

ಪ್ರಮೋದಾ ಅಲ್ಲಿಯವರೆಗೆ ತಡೆದಿದ್ದಳು. ಕಲ್ಲು ಎನ್ನುವ ಮಾತಿಗೆ ಅವಳ ಕಟ್ಟು ಒಡೆಯಿತು. ಹಿತ್ತಲಿನಲ್ಲಿ ಬಟ್ಟೆ ಒಗೆಯುತ್ತಿದ್ದ ಅಕ್ಷತಳಿಗೂ, ಎದುರು ಮನೆಯವರಿಗೂ ಕೇಳುವಂತೆ ಕೂಗಿದಳು.

"ನಿನ್ನ ಮಗ ಮೈಸೂರಲ್ಲಿದ್ದ ಅತ್ತೆ. ಮಗು ಸತ್ತು ಹುಟ್ಟಿದೆ, ಬಾ ಅಂದೆ. ನಾಳೆ ಕಾರ್ಯಕ್ರಮ ಇದೆ ಅಂದ. ಹಾಡ್ತಾ ಇದ್ದ ಅಲ್ಲಿ, ಮಾವ ಇಲ್ಲಿ ಗುಂಡಿ ತೋಡೋವಾಗ. ನೋಡ್ತಾ ಕೂತೆ ಅಂತಾನಲ್ಲ ಹಾಡಲ್ಲಿ, ಏನು ನೋಡ್ದ? ನಾನು ಆ ಮಾತಂದು ಅವನ ಅಂಗಿ ಹಿಡಿದಿದ್ದೆ. ನನ್ನ ಮಾತನ್ನ ಕಿತ್ಕೊಂಡು ಹೋಗಿ ಹಾಡು ಮಾಡ್ಕೊಂಡ. ನಾನು ಹೆಸರೆತ್ತಲಿಲ್ಲ, ನಿಜ. ಬಾಯಿ ಬಿಟ್ರೆ ಅದೂ ಹಾಡಾಗ್ತಿತ್ತು."

ಆದಿಲಕ್ಷ್ಮಮ್ಮ ಗಂಡನ ಕಡೆ ನೋಡಿದಳು. ಅದು ಸುಳ್ಳು ಅನ್ನು ಎನ್ನುವಂತೆ ನೋಡಿದಳು. ಚಿಕ್ಕಬೀರಪ್ಪ ಕಟ್ಟೆಯ ಮೂಲೆಯಲ್ಲಿ ಕೂತಿದ್ದ. ಮಾತು ಕಮ್ಮಿ ಆಡುವ ಮನುಷ್ಯ. ಆ ಹಾಡು ರೇಡಿಯೋದಲ್ಲೋ ಯಾರದೋ ಫೋನಿನಲ್ಲೋ ಬಂದಾಗೆಲ್ಲ ಅವನು ಎದ್ದು ಹೊಲದ ಕಡೆ ಹೋಗಿಬಿಡುತ್ತಿದ್ದ. ದುಃಖಕ್ಕೆ ಎಂದುಕೊಂಡಿದ್ದರು ಮನೆಯವರು.

"ಅವ್ನು ನೋಡ್ಲಿಲ್ಲ ಕಣೇ," ಎಂದ. "ನೋಡಿದ್ದು ನಾನು, ಈ ಮಗಳು ಪ್ರಮೋದಾ. ಇಬ್ರೇಯ. ಅವ್ನಿಗೆ ನಾನೂ ಹೇಳ್ದೆ, ಈ ಹಾಡು ಬ್ಯಾಡ ಕಣ್ಲಾ ಅಂತ. ಕೇಳ್ಲಿಲ್ಲ."

ಹಿತ್ತಲ ಬಾಗಿಲಲ್ಲಿ ಅಕ್ಷತ ನಿಂತಿದ್ದಳು. ಮೊಣಕೈವರೆಗೆ ಸೋಪಿನ ನೊರೆ. ಕೈ ಒರೆಸದೆಯೇ ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡಳು. ಹರಿಪ್ರಸಾದ್ ಎದ್ದ. "ಮಾತು ತೆಗೆದುಬಿಡ್ತೀವಿ," ಎಂದ. "ಆ ಒಂದು ಹಾಡನ್ನ ಬರೀ ಸ್ಯಾಕ್ಸೊಫೋನಲ್ಲಿ ನುಡಿಸ್ತೀವಿ. ಆಲ್ಬಮ್ ಹೆಸರೂ ಬೇರೆ ಇಡ್ತೀವಿ. ಇದಕ್ಕಿಂತ ಹೆಚ್ಚು ನನ್ನ ಕೈಲಿ ಆಗಲ್ಲ."

"ಆಯ್ತು," ಎಂದಳು ಪ್ರಮೋದಾ. ಸಮಾಧಾನವೇನೂ ಆಗಿರಲಿಲ್ಲ. ಆದರೆ ಆ ಮನುಷ್ಯ ಕೊಟ್ಟ ಮಾತು ಉಳಿಸಿಕೊಂಡ ಎನ್ನುವುದನ್ನು ಇಲ್ಲಿ ಹೇಳಬೇಕು.

ಬಿಡುಗಡೆಯ ದಿನ ದೊಡ್ಡಬಳ್ಳಾಪುರದ ಸಭಾಂಗಣ ತುಂಬಿತ್ತು. ಪ್ರಮೋದಾ ಹೋಗುವುದಿಲ್ಲ ಎಂದೇ ಇದ್ದಳು. ಅಕ್ಷತ ಅಷ್ಟು ದಿನ ಅಮ್ಮನ ಜೊತೆ ಸರಿಯಾಗಿ ಮಾತಾಡಿರಲಿಲ್ಲ. ಆ ಬೆಳಿಗ್ಗೆ ಮಾತ್ರ, "ನಾನು ಹೋಗ್ತೀನಿ. ನೀನೂ ಬಾ," ಎಂದಳು. ಸಂಜೆ ಇಬ್ಬರೂ ಹಿಂದಿನ ಸಾಲಿನಲ್ಲಿ ಕೂತರು. ಪ್ರಮೋದಾ ಡ್ಯೂಟಿಯಿಂದ ನೇರ ಬಂದಿದ್ದಳು, ಖಾಕಿಯಲ್ಲೇ ಇದ್ದಳು.

ತಂಡ ಚೆನ್ನಾಗಿ ನುಡಿಸಿತು. ಲಾರಿಯ ಹಾಡನ್ನು ಯಶಸ್ವಿನಿ ಎತ್ತಿದಾಗ ಪಿಯಾನೊ ಗೇರು ಬದಲಾಯಿಸಿದಂತೆ ಏರುತ್ತ ಇಳಿಯುತ್ತ ಹೋಯಿತು. ಅರ್ಧ ಟಿಕೆಟ್ಟಿನ ಹಾಡಿಗೆ ಜನ ಕೂತಲ್ಲೇ ಕಾಲು ಕುಣಿಸಿದರು. ಪ್ರಮೋದಾ ತನಗೆ ತಿಳಿಯದೆಯೇ ಬೆರಳಲ್ಲಿ ತಾಳ ಹಾಕಿದಳು, ಗೊತ್ತಾದ ಮೇಲೆ ಕೈ ಮಡಚಿಕೊಂಡಳು. ಆಮೇಲೆ ಅಂಜನ್ ಎಂಬ ಹುಡುಗ ಸ್ಯಾಕ್ಸೊಫೋನು ಹಿಡಿದು ಮುಂದೆ ಬಂದ. ಈ ಕಡೆಯ ಮದುವೆಗಳಲ್ಲಿ ಕೇಳಿ ಗೊತ್ತಿದ್ದ ವಾದ್ಯವೇ ಅದು. ಆದರೆ ಅವನು ಊದಿದ್ದು ಹಾಗಲ್ಲ. ಒರಟಾಗಿ, ಗಂಟಲು ಕಟ್ಟಿದವರು ಮಾತಾಡಿದಂತೆ, ಒಂದೊಂದು ಸ್ವರವನ್ನೂ ಎಳೆದು, ನಡುವೆ ಕಡಿದು ಊದಿದ. ಮಾತಿಲ್ಲದ ಆ ರಾಗ ಕೇಳುತ್ತ ಪ್ರಮೋದಾಗೆ ವಿಚಿತ್ರವೆನಿಸಿತು. ಮೊದಲ ಬಾರಿಗೆ ಅದು ಅವಳಿಗೆ ಕೇಳಬಹುದಾದ ಹಾಡಾಗಿತ್ತು. ಅದರಲ್ಲಿ ಅವನಿರಲಿಲ್ಲ.

ಆಗ ಮುಂದಿನ ಸಾಲಿನಿಂದ ಯಾರೋ ಗುನುಗಿದರು. ಪಕ್ಕದವರು ಸೇರಿದರು. ಊರಿಗೆಲ್ಲ ಬಾಯಿಪಾಠವಾಗಿದ್ದ ಹಾಡು. ತಂಡ ತೆಗೆದುಹಾಕಿದ ಮಾತನ್ನು ಜನರೇ ತಂದು ತುಂಬತೊಡಗಿದರು. ಅಂಗೈಯಗಲ ಮುಖ ನಿಂದು. ಕೈಯೆತ್ತಿ ಫೋನಿನ ಬೆಳಕು ಹಾಕಿದರು. ನೋಡುತ್ತ ಕೂತೆ ಮಗನೇ. ನೂರಾರು ಬಾಯಿಗಳು ಒಟ್ಟಿಗೆ, ಮೆಲ್ಲಗೆ, ಕಣ್ಣು ಮುಚ್ಚಿಕೊಂಡು ಆ ಸುಳ್ಳನ್ನು ಹಾಡಿದವು. ಅವನು ಸತ್ತರೂ, ಮಾತು ಕಿತ್ತರೂ, ಅದು ಸಾಯುವುದಿಲ್ಲ ಎಂದು ಪ್ರಮೋದಾಗೆ ಆಗ ಅನ್ನಿಸಿತು. ಅವಳು ಎದ್ದು ನಿಂತಳು.

"ನಿಲ್ಲಿಸಿ."

ಓಡುವ ಬಸ್ಸಿನಲ್ಲಿ ಹಿಂದಿನ ಬಾಗಿಲಿನಿಂದ ಡ್ರೈವರಿಗೆ ಕೇಳಿಸಿ ಪಳಗಿದ ಗಂಟಲು ಅದು. ಮೈಕು ಬೇಕಾಗಲಿಲ್ಲ. ಅಂಜನ್ ಊದುವುದು ನಿಲ್ಲಿಸಿದ. ಜನ ತಿರುಗಿ ನೋಡಿದರು.

"ಅವನು ನೋಡ್ತಾ ಕೂರ್ಲಿಲ್ಲ," ಎಂದಳು. "ನಾನು ಭೀಮರಾಜನ ಹೆಂಡತಿ. ನನ್ನ ಮಗ ಸತ್ತು ಹುಟ್ಟಿದಾಗ ಅವನು ಹಾಡೋಕೆ ಬೇರೆ ಊರಿಗೆ ಹೋಗಿದ್ದ. ಬಾ ಅಂದೆ, ಬರ್ಲಿಲ್ಲ. ಅಂಗೈ ಅಗಲ ಮುಖ ಇತ್ತು, ನೀನು ನೋಡ್ಲಿಲ್ಲ ಅಂತ ಬೈದಿದ್ದು ನಾನು. ನೀವು ಅರ್ಧ ಹಾಡ್ತಿದ್ದೀರ. ಅವನು ಒಳ್ಳೆ ಹಾಡುಗಾರ. ಅವನ ಬೇರೆ ಹಾಡೆಲ್ಲ ಹಾಡ್ಕೊಳ್ಳಿ, ನಾನು ಬೇಡ ಅನ್ನಲ್ಲ. ಇದನ್ನ ಮಾತ್ರ ಹಾಡೋ ಮುಂಚೆ ಇದು ತಿಳ್ಕೊಂಡು ಹಾಡಿ."

ಮುಂದಿನ ಸಾಲಿನ ಹಿರಿಯರೊಬ್ಬರು, ಸಂಜೀವಪ್ಪ ಎಂದು, ತಾಲೂಕಿನ ಸಾಹಿತ್ಯದ ಕೆಲಸಗಳಲ್ಲಿ ಮುಂದಿರುವವರು, ಎದ್ದು ಕೈಮುಗಿದು, "ತಾಯಿ, ಇದು ಮನೆ ವಿಷಯ. ಸಭೆಯಲ್ಲಿ ಬೇಡ, ಕೂತ್ಕೊಳ್ಳಿ," ಎಂದರು.

"ಮನೆ ವಿಷಯ ಸಭೆಗೆ ತಂದಿದ್ದು ನಾನಲ್ಲ ಸ್ವಾಮಿ. ಹಾಡಿದವನು," ಎಂದಳು ಪ್ರಮೋದಾ.

ಅಷ್ಟರಲ್ಲಿ ಪಕ್ಕದಲ್ಲಿ ಅಕ್ಷತ ಎದ್ದಳು. ಹೊರಗೆ ಹೋಗಿಬಿಡುತ್ತಾಳೆ ಎಂದುಕೊಂಡಳು ಪ್ರಮೋದಾ. ಹುಡುಗಿ ಹೋಗಲಿಲ್ಲ. ಅಮ್ಮನ ಪಕ್ಕದಲ್ಲಿ ಸುಮ್ಮನೆ ನಿಂತಳು. ವೇದಿಕೆಯ ಮೇಲೆ ಯಶಸ್ವಿನಿ ತಲೆ ತಗ್ಗಿಸಿ ನಿಂತಿದ್ದಳು. ಹರಿಪ್ರಸಾದ್ ಮೆಲ್ಲಗೆ ಪಿಯಾನೊದ ಮುಚ್ಚಳ ಹಾಕಿದ.

ಆ ಎರಡು ನಿಮಿಷವನ್ನು ಯಾರೋ ಫೋನಿನಲ್ಲಿ ಹಿಡಿದಿದ್ದರು. ಮಾರನೆಯ ದಿನದ ಹೊತ್ತಿಗೆ ಅದು ಎಲ್ಲ ಕಡೆ ಹರಿದಾಡಿತು. ಗಂಡ ಸತ್ತ ಮೇಲೆ ಮಾನ ಕಳೆದವಳು ಎಂದು ಬರೆದವರಿದ್ದರು, ಹೆಸರು ಮಾಡಲು ಹೊರಟವಳು ಎಂದವರಿದ್ದರು. ಸರಿಯಾಗಿ ಹೇಳಿದಳು ಎಂದವರೂ ಇದ್ದರು. ಬಸ್ಸಿನಲ್ಲಿ ಕೆಲವರು ಅವಳ ಮುಖವನ್ನೇ ನೋಡುತ್ತಿದ್ದರು. ಒಬ್ಬ ಹುಡುಗ ಬೇಕೆಂದೇ ಆ ಹಾಡನ್ನು ಜೋರಾಗಿ ಹಾಕಿದಾಗ ಅವಳು ಸೀಟಿ ಊದಿ ಬಸ್ಸು ನಿಲ್ಲಿಸಿ, "ಇಯರ್‌ಫೋನ್ ಹಾಕ್ಕೊ, ಇಲ್ಲ ಇಳಿ," ಎಂದಳು. ಅವನು ಹಾಕಿಕೊಂಡ. ಆಲ್ಬಮ್ಮಿನಲ್ಲಿ ಆ ಹಾಡು ಮಾತಿಲ್ಲದೆಯೇ ಬಂದಿದೆ. ಮೂಲದ ಹಾಡೂ ಹಾಗೇ ಇದೆ. ಜನ ಇನ್ನೂ ಕೇಳುತ್ತಾರೆ, ಇನ್ನೂ ಅಳುತ್ತಾರೆ. ಸಿಟ್ಟು ತೀರಿತೇ ಎಂದು ಪವಿತ್ರ ಕೇಳಿದಾಗ ಪ್ರಮೋದಾ, "ಯಾಕೆ ತೀರ್ಬೇಕು?" ಎಂದಳು.

ಮನೆಯಲ್ಲಿ ಆದಿಲಕ್ಷ್ಮಮ್ಮ ಸೊಸೆಯ ಜೊತೆ ಮಾತು ಬಿಟ್ಟಳು. ಊಟದ ತಟ್ಟೆಯನ್ನು ಮುಂದಕ್ಕೆ ತಳ್ಳುವಳು, ಅಷ್ಟೇ. ಮಗನನ್ನು ಎರಡನೇ ಸಲ ಕಳೆದುಕೊಂಡವಳಂತೆ ಓಡಾಡುತ್ತಿದ್ದಳು. ಪ್ರಮೋದಾ ಕ್ಷಮೆ ಕೇಳಲಿಲ್ಲ. ರಾಗಿ ಕಟಾವಿನ ಹೊತ್ತಿಗೆ, ಒಂದು ಸಂಜೆ, ಮೂವರೂ ಹೆಂಗಸರು ಅಂಗಳದಲ್ಲಿ ಅವರೆಕಾಯಿ ಸುಲಿಯುತ್ತ ಕೂತಿದ್ದರು. ಆದಿಲಕ್ಷ್ಮಮ್ಮ ತಲೆಯೆತ್ತದೆ ಕೇಳಿದಳು.

"ನನಗೂ ಯಾರೂ ತೋರಿಸ್ಲಿಲ್ಲವಲ್ಲೇ. ನಾನು ಈ ಕೂಸು ಹಿಡ್ಕೊಂಡು ಮನೇಲೇ ಇದ್ದೆ. ಎಂಗಿತ್ತೇ ಅದು?"

ಪ್ರಮೋದಾಳ ಕೈ ನಿಂತಿತು. ಅತ್ತೆಯೂ ಮಗುವನ್ನು ನೋಡಿರಲಿಲ್ಲ ಎನ್ನುವುದು ಇಷ್ಟು ವರ್ಷ ಅವಳಿಗೆ ಹೊಳೆದೇ ಇರಲಿಲ್ಲ. ಮೊದಲು ಬಂದದ್ದು ಸಿಟ್ಟೇ: ಈಗ ಕೇಳ್ತಿದ್ದೀಯಾ ಎಂದು. ಅದನ್ನು ನುಂಗಿಕೊಂಡಳು. ಅಕ್ಷತಳೂ ಸುಲಿಯುವುದು ಬಿಟ್ಟು ಅಮ್ಮನ ಮುಖ ನೋಡುತ್ತಿದ್ದಳು.

"ಕೂದಲಿತ್ತು," ಎಂದಳು ಪ್ರಮೋದಾ. "ದಟ್ಟವಾಗಿತ್ತು, ಹಣೆವರೆಗೂ. ಹುಬ್ಬು ಮಾವಂದೇ. ಎಡಗಿವಿ ಸ್ವಲ್ಪ ಮಡಚ್ಕೊಂಡಿತ್ತು, ನಾನು ಬೆರಳಲ್ಲಿ ಬಿಡಿಸ್ದೆ."

"ಬಣ್ಣ?"

"ನಿನ್ನ ಥರ."

ಆದಿಲಕ್ಷ್ಮಮ್ಮ ಸೆರಗು ಬಾಯಿಗೊತ್ತಿಕೊಂಡಳು. ಅಕ್ಷತ ಇನ್ನೊಂದು ಕೇಳಿದಳು, ಪ್ರಮೋದಾ ಅದನ್ನೂ ಹೇಳಿದಳು. ಕತ್ತಲಾಗುವವರೆಗೆ ಅವರು ಕೇಳುತ್ತಿದ್ದರು, ಅವಳು ಹೇಳುತ್ತಿದ್ದಳು.